ಸಂದಿಗೆ ಬಿದ್ದ ಗುಂಡಗಡಗಿ

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಮ್ಮಂಥವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ. ಎದುರಿನವರು ಅಳುತ್ತಿದ್ದರೂ ಅವರ ಮಾತಿನಲ್ಲಿ ತರ್ಕದೋಷ ಹುಡುಕುತ್ತೇವೆ. ಇದರಿಂದ ನನಗೆ ಬಾಗಲಕೋಟೆಯ ಕಾಲೇಜಿನಲ್ಲಿ ಬಹುಮಾನ ಬಂದಿದೆ, ಹುನಗುಂದದ ಮನೆಯಲ್ಲಿ ಬೈಗುಳ.

ಆ ಬೆಳಿಗ್ಗೆ ಆಯಿ, ಎಂದರೆ ನನ್ನ ಅಪ್ಪನ ತಾಯಿ, ಸ್ನಾನ ಮುಗಿಸಿ, ಒಗೆದ ಸೀರೆ ಒಣಹಾಕಲು ಮಾಳಿಗೆಯ ಅಂಚಿಗೆ ಬಗ್ಗಿದಳು. ಕೊರಳ ದಾರ ಹರಿದು ಗುಂಡಗಡಗಿ ಕೆಳಗೆ ಬಿತ್ತು. ಇಷ್ಟಲಿಂಗವನ್ನು ಒಳಗಿಟ್ಟು ಧರಿಸುವ ಬೆಳ್ಳಿಯ ಪುಟ್ಟ ಭರಣಿ ಅದು. ಅಜ್ಜ ಹೋದ ಮೇಲೆ ಆಯಿಯ ಮೈಮೇಲೆ ಉಳಿದಿದ್ದ ಒಂದೇ ಒಡವೆ. ನಾಲ್ಕು ಜನ ನೋಡಲಿ ಎಂದು ತೊಡುವುದೇ ಒಡವೆ ಎಂಬ ನನ್ನ ವ್ಯಾಖ್ಯಾನ ಇಲ್ಲಿ ನಿಲ್ಲುವುದಿಲ್ಲ. ಇದನ್ನು ಆಕೆ ಸದಾ ಸೆರಗಿನೊಳಗೇ ಇಟ್ಟುಕೊಂಡಿದ್ದಳು.

ಬಿದ್ದದ್ದು ನಮ್ಮ ಗೋಡೆಗೂ ಪಕ್ಕದ ಮಾಳಪ್ಪ ಕಾಕಾನ ಹೊಸ ಗೋಡೆಗೂ ನಡುವಿನ ಸಂದಿಗೆ. ಅದರ ಎರಡೂ ತುದಿ ಮುಚ್ಚಿವೆ. ಆ ಸಂದಿ ನಮ್ಮದೆಂದು ಪಂಚರ ಮುಂದೆ ವಾದಿಸಿ ಗೆದ್ದವಳು ನಾನೇ. ಅಂದಿನಿಂದ ಎರಡೂ ಮನೆಗಳಿಗೆ ಮಾತಿಲ್ಲ. ಗೆದ್ದ ಜಾಗದಲ್ಲಿ ಈಗ ನನ್ನ ಹೆಗಲೂ ಹಿಡಿಯಲಿಲ್ಲ. ಮೇಲಿನಿಂದ ಕೊಕ್ಕೆ ಇಳಿಬಿಟ್ಟರೆ ಗುಂಡಗಡಗಿ ಕಲ್ಲಿನಡಿಗೆ ಸರಿಯಿತು.

"ಲಿಂಗಾ ಕೈಗೆ ಬರೂತನಕಾ ನೀರೂ ಮುಟ್ಟೂದಿಲ್ಲ" ಎಂದಳು ಆಯಿ.

ಆಕೆಗೆ ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿ ಬಿಡಲೇಬಾರದು. ನಾನು ವಾದಕ್ಕಿಳಿದೆ: "ದೇವರು ಎಲ್ಲಾ ಕಡೆ ಅದಾನ ಅಂತೀ. ಸಂದ್ಯಾಗೂ ಅದಾನಲ್ಲ? ಮಠದಾಗ ಇನ್ನೊಂದು ತಂದರಾತು."

"ನೀ ಕಳದಹೋದರ ನಿಮ್ಮವ್ವ ಇನ್ನೊಂದ ಹಡದು ಸುಮ್ಮ ಕುಂದ್ರತಾಳೇನ?"

ಹೋಲಿಕೆ ಸರಿಯಿಲ್ಲ ಎನ್ನಬಹುದಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಆಕೆಯ ಕೈ ನಡುಗತೊಡಗಿತ್ತು, ಹಣೆಯಲ್ಲಿ ತಣ್ಣನೆಯ ಬೆವರು. ನಮ್ಮದು ಅಲುಗದ ಕಲ್ಲಿನ ಗೋಡೆ, ಒಡೆಯುವುದಾದರೆ ಮಾಳಪ್ಪ ಕಾಕಾನ ಇಟ್ಟಂಗಿ ಗೋಡೆಯನ್ನೇ ಒಡೆಯಬೇಕು. ನಾನು ಅವನ ಬಾಗಿಲಿಗೆ ಓಡಿದೆ. ದಾರಿಯಲ್ಲೇ ಅಂಶಗಳನ್ನು ಜೋಡಿಸಿಕೊಂಡಿದ್ದೆ: ಮಾನವೀಯತೆ, ನೆರೆಹೊರೆ, ಗೋಡೆಯ ದುರಸ್ತಿಯ ಹೊಣೆ. ಮೊದಲನೆಯದೇ ಮುಗಿದಿರಲಿಲ್ಲ, ಕಾಕಾ ತಡೆದ.

"ನಿಂದ್ರವಾ ವಕೀಲಬಾಯಿ. ಮುದುಕಿ ಉಪವಾಸ ಐತಿ ಅಂದ್ಯಲ್ಲ, ಇನ್ನೇನ ಹೇಳಾಕಿ? ಆ ಹಾರಿ ತಾ ಇಲ್ಲೆ."

ಸಂದಿಯ ಆ ಜಾಗಕ್ಕೆ ಸರಿಯಾಗಿ ಒಳಗಿದ್ದದ್ದು ಅವರ ದೇವರ ಜಗಲಿ. ಕಾಕಾ ನೆಲಕ್ಕೆ ಕಂಬಳಿ ಹಾಸಿ, ಬೀರಪ್ಪನನ್ನೂ ಜೊತೆಯ ದೇವರುಗಳನ್ನೂ ಎತ್ತಿ ಅದರ ಮೇಲೆ ಕೂರಿಸಿದ. "ತುಸು ಸರೀರಿ ನಮ್ಮಪ್ಪಾ, ನಿಮ್ಮ ಪೈಕಿ ಒಬ್ಬಾಂವ ಹಿಂದ ಸಿಕ್ಕೊಂಡಾನ" ಎಂದು ಅವರಿಗೆ ತಿಳಿಸಿ, ಜಗಲಿ ಕಿತ್ತು, ಗೋಡೆಗೆ ಹಾರೆ ಹಾಕಿದ. ಇಟ್ಟಂಗಿ ಸಡಿಲಾದವು. ಒಳಗೆ ಕೈ ಹಾಕಿ ಗುಂಡಗಡಗಿ ತೆಗೆದವಳು ನಾನು. ತಗ್ಗು ಬಿದ್ದಿತ್ತು, ಬಾಯಿ ಬಿಟ್ಟಿರಲಿಲ್ಲ.

ಆಯಿ ಅದನ್ನು ಕಣ್ಣಿಗೊತ್ತಿಕೊಂಡಳು, ತೊಳೆದಳು, ಪೂಜೆ ಮಾಡಿದಳು. ಕಾಕಾ ಜಗಲಿ ಕಿತ್ತದ್ದನ್ನು ಹೇಳುತ್ತ ನಾನು ರೊಟ್ಟಿ ಮುರಿದು ಹಾಲಿಗೆ ಹಾಕಿ ತಂದರೆ ಕೈ ಅಡ್ಡ ಹಿಡಿದಳು.

"ಅವರ ದೇವರು ನೆಲದ ಮ್ಯಾಲ ಕುಂತಾವ. ಮದಲ ಅವು ಜಗಲಿ ಏರಲಿ."

ಇಷ್ಟಲಿಂಗದ ಹೊರತು ಬೇರೆ ದೇವರಿಲ್ಲವೆಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟವಳು ಈಕೆಯೇ. ಹಾಗಾದರೆ ಅವು ಎಲ್ಲಿ ಕೂತರೇನು? ಇಂಥ ಪ್ರಶ್ನೆ ಯಾವ ಸ್ಪರ್ಧೆಯಲ್ಲೂ ನನಗೆ ಸಿಕ್ಕಿರಲಿಲ್ಲ. ತುಟಿಯವರೆಗೆ ಬಂದಿತ್ತು ಕೂಡ. ಆದರೆ ಆಕೆಯ ಕೈ ಇನ್ನೂ ನಡುಗುತ್ತಿತ್ತು. ಹಾಲಿನ ಬಟ್ಟಲನ್ನು ಅಲ್ಲೇ ಮುಚ್ಚಿಟ್ಟು ಕಾಕಾನ ಮನೆಗೆ ಓಡಿ, ಸಿಮೆಂಟು ಕಲಸುತ್ತ ಕೂತೆ. ಯಾವ ದೇವರನ್ನೂ ನಂಬದ ನಾನು, ದೇವರು ಬೇಗ ಜಗಲಿ ಏರಲಿ ಎಂದು ಅಷ್ಟು ಮನಸ್ಸಿಟ್ಟು ಬೇಡಿದ್ದು ಅದೇ ಮೊದಲು.