ಜರ್ಮನಿ ಕೇಳಿದ ತವರಿನ ಹೆಸರು

ಹೋದ ವರ್ಷ ಶ್ರಾವಣ ಮುಗಿದ ವಾರದ ಮಾತು. ನನಗಾಗ ಅರವತ್ತಾರು ತುಂಬಿತ್ತು, ಅತ್ತೆಗೆ ಎಂಬತ್ತೆಂಟು. ನಾವಿಬ್ಬರೂ ಸತ್ತೂರಿನಿಂದ ಹುಬ್ಬಳ್ಳಿಯ ನವನಗರದ ಪಿ.ಎಫ್. ಆಫೀಸಿಗೆ ಹೊರಟಿದ್ದೆವು. ಕಾರಣ ಸಣ್ಣದಲ್ಲ. ನಾನೇ ದುಡಿದು ಗಳಿಸಿದ ಪಿಂಚಣಿ ನನಗೆ ಸಿಗುವುದೋ ಬಿಡುವುದೋ ಅಂದು ತೀರ್ಮಾನವಾಗಬೇಕಿತ್ತು.

ನಾನು ನರ್ಸ್. ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ಗಿರಣಿಯ ದವಾಖಾನೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಮದುವೆಯಾದ ಮೇಲೆ ಪಿ.ಎಫ್. ಹೆಸರೇ ಕೇಳದ ಸಣ್ಣಪುಟ್ಟ ಆಸ್ಪತ್ರೆಗಳಲ್ಲಿ ದುಡಿದೆ. ನಲವತ್ತು ದಾಟಿದ ಮೇಲೆ ಧೈರ್ಯ ಮಾಡಿ ಜರ್ಮನಿಯ ಒಂದು ವೃದ್ಧಾಶ್ರಮಕ್ಕೆ ಹೋದೆ. ಅಲ್ಲಿದ್ದದ್ದು ನಾಲ್ಕು ವರ್ಷ ನಾಲ್ಕು ತಿಂಗಳು. ತಿಂಗಳಾ ಪಗಾರದಲ್ಲಿ ಪಿಂಚಣಿಗೆಂದು ಮುರಿದುಕೊಳ್ಳುತ್ತಿದ್ದರು. ಆದರೆ ಐದು ವರ್ಷ ತುಂಬದಿದ್ದರೆ ಪಿಂಚಣಿ ಇಲ್ಲ. ನನಗೆ ಎಂಟು ತಿಂಗಳು ಕಡಿಮೆ ಬಿತ್ತು.

ಊರಿಗೆ ಬಂದಾಗ ಕಟ್ಟಿದ್ದನ್ನಾದರೂ ವಾಪಸ್ ಕೇಳು ಎಂದು ಎಲ್ಲರೂ ಹೇಳಿದರು. ನಾಳೆ ಬರೆದರಾಯಿತು ಎಂದು ಬಿಟ್ಟೆ. ಗಿರಣಿಯ ಪಿ.ಎಫ್. ಕೂಡ ಹಾಗೇ ಬಿಟ್ಟಿದ್ದೆ. ನನ್ನ ಆಲಸ್ಯದ ಬಗ್ಗೆ ನಮ್ಮವರು ಆಡದ ಮಾತಿಲ್ಲ. ಕೊನೆಗೆ ಆ ಆಲಸ್ಯವೇ ನನ್ನ ಕೈ ಹಿಡಿಯಿತು. ಜರ್ಮನಿಯಲ್ಲಿ ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಫೋನ್ ಮಾಡಿ, ಈಗ ಎರಡೂ ದೇಶಗಳ ನಡುವೆ ಒಪ್ಪಂದವಾಗಿದೆ, ಇಲ್ಲಿಯ ಪಿ.ಎಫ್. ವರ್ಷಗಳನ್ನು ಅಲ್ಲಿಯ ವರ್ಷಗಳ ಜೊತೆ ಕೂಡಿಸಿ ಐದು ತುಂಬಿತೋ ಇಲ್ಲವೋ ನೋಡುತ್ತಾರೆ ಎಂದಳು. ಕಟ್ಟಿದ್ದನ್ನು ವಾಪಸ್ ತೆಗೆದುಕೊಂಡಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತಂತೆ.

ನನ್ನ ಹಳೆಯ ಮೂರು ವರ್ಷಗಳಿಗೆ ನಮ್ಮ ಪಿ.ಎಫ್. ಆಫೀಸು ದಾಖಲೆ ಕೊಟ್ಟರೆ ಸಾಕಿತ್ತು. ಆದರೆ ಆ ವರ್ಷಗಳು ಇದ್ದದ್ದು ಅನ್ನಪೂರ್ಣಾ ಹೆಬಸೂರ ಎಂಬುವಳ ಹೆಸರಿನಲ್ಲಿ. ನನ್ನ ಪಾಸ್‌ಪೋರ್ಟು, ಆಧಾರ್, ಜರ್ಮನಿಯ ಕಾಗದಪತ್ರ ಎಲ್ಲದರಲ್ಲೂ ನಾನು ಸುಮಂಗಲಾ ನವಲಗುಂದ. ದೇಶ ದೇಶಗಳಿಗೇ ಒಪ್ಪಂದವಾಗಿತ್ತು, ನನ್ನ ಎರಡು ಹೆಸರುಗಳಿಗೆ ಮಾತ್ರ ಆಗಿರಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ಹೊಸತಲ್ಲ. ನನ್ನದನ್ನಂತೂ ಬದಲಿಸಲೇಬೇಕಿತ್ತು, ಏಕೆಂದರೆ ಅತ್ತೆಯ ಹೆಸರೂ ಅನ್ನಪೂರ್ಣವ್ವ. "ಒಂದ ಮನ್ಯಾಗ ಒಂದ ಹೆಸರಿನವರು ಇಬ್ಬರು ಹ್ಯಾಂಗ? ನಾಳೆ ನನ್ನ ಮಗ ಹೆಂಡ್ತೀನ್ನ ಬೈದ್ರ ಅದು ನನಗ ತಟ್ಟತೈತಿ" ಎಂದು ಮಾತುಕತೆಯ ದಿನವೇ ಹೇಳಿದ್ದರು. ಮದುವೆಯಲ್ಲಿ ನನ್ನ ಗಂಡ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ನನ್ನ ಹೊಸ ಹೆಸರು ಸುಮಂಗಲಾ ಎಂದು ಬರೆದರು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ನಲವತ್ತು ವರ್ಷ ನನ್ನ ಹೊಟ್ಟೆಯಲ್ಲಿತ್ತು. ಸುಳ್ಳೇಕೆ ಹೇಳಲಿ, ಅನ್ನಪೂರ್ಣವ್ವ ಎಂದು ಯಾರಾದರೂ ಅತ್ತೆಯನ್ನು ಕರೆದಾಗಲೆಲ್ಲ ಒಳಗೆ ಚುರುಕ್ ಎನ್ನುತ್ತಿತ್ತು.

ಶಾಲೆಯ ದಾಖಲೆ, ಮದುವೆಯ ಫೋಟೊ ಎಲ್ಲ ಕೊಟ್ಟಿದ್ದೆ. ಅವುಗಳ ಜೊತೆಗೆ ಎರಡೂ ಹೆಸರು ಬಲ್ಲ ಹಿರಿಯರೊಬ್ಬರು ಅಫಿಡವಿಟ್ ಮಾಡಿಸಿ ಖುದ್ದಾಗಿ ಬರಲಿ ಎಂದು ಆಫೀಸಿನವರು ಹೇಳಿದ್ದರು. ನನ್ನ ತವರಿನಲ್ಲಿ ಹಿರಿಯರು ಯಾರೂ ಉಳಿದಿರಲಿಲ್ಲ. ಉಳಿದವರು ಅತ್ತೆಯೊಬ್ಬರೇ. ಕೇಳಲು ನನಗೆ ಎಂಟು ದಿನ ಹಿಡಿಯಿತು. ಅವರು ಮಾತ್ರ, "ನಡಿ, ಹೋಗೂಣು" ಎಂದು ಇಳಕಲ್ ಸೀರೆ ಉಟ್ಟು ತಯಾರಾದರು.

ಆಫೀಸಿನಲ್ಲಿ ಅರ್ಧ ತಾಸು ಕೂತೆವು. ಆಮೇಲೆ ಮೂವತ್ತರ ಆಸುಪಾಸಿನ ಅಧಿಕಾರಿಣಿಯೊಬ್ಬರು ಫೈಲು ಹಿಡಿದು, "ಅನ್ನಪೂರ್ಣಾ ಯಾರ್ರಿ?" ಎಂದು ಕೂಗಿದರು. ನಾನು ಏಳುವಷ್ಟರಲ್ಲಿ ಅತ್ತೆ ಕೋಲೂರಿ ಎದ್ದು ನಿಂತಿದ್ದರು.

"ನಾನ ರೀ."

ಅಧಿಕಾರಿಣಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅಜ್ಜಿ, ಜರ್ಮನಿಗೆ ಹೋಗಿ ಬಂದವರು ನೀವೇನ್ರಿ?"

"ನಾ ಸವದತ್ತಿ ದಾಟಿಲ್ಲವ್ವ. ಹೋಗಿ ಬಂದಾಕಿ ಈಕಿ, ನನ್ನ ಸೊಸಿ."

"ಹಂಗಾರ ಅನ್ನಪೂರ್ಣಾ ಯಾರು?"

"ನಾನು. ಈಕೀನೂ."

ಪಕ್ಕದ ಮೇಜಿನವರು ನಕ್ಕರು. ನನಗೆ ಮಾತ್ರ, ಹೀಗೆ ಗೊಂದಲವಾದರೆ ಫೈಲು ಅಲ್ಲೇ ಮುಚ್ಚಿತು ಎನಿಸಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿ ಎಳೆದು ಕೂತು ಮಾತು ಶುರು ಮಾಡಿದರು.

"ನೋಡವ್ವ, ಬರಕೋ. ಈಕಿ ಅವ್ವ ಅಪ್ಪ ಇಟ್ಟ ಹೆಸರು ಅನ್ನಪೂರ್ಣಾ. ಹುಬ್ಬಳ್ಳಿ ಗಿರಣ್ಯಾಗ ದುಡದಾಕಿ ಈಕೀನ. ಮದಿವ್ಯಾಗ ಆ ಹೆಸರು ನಾ ಕಸಗೊಂಡೆ. ಈಕೀನ್ನ ಒಂದ ಮಾತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದು. ಅದಕ್ಕ ಈಕಿ ದುಡಿದದ್ದು ಹೋಗಬಾರದು."

ಆ ಮಾತು ಅವರ ಬಾಯಿಂದ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು. ಅಧಿಕಾರಿಣಿ ಎಲ್ಲ ಕಾಗದ ಮತ್ತೊಮ್ಮೆ ತಾಳೆ ನೋಡಿ, ಅತ್ತೆಯ ಸಹಿ ಹಾಕಿಸಿಕೊಂಡು, "ಆತ್ರಿ ಅಜ್ಜಿ. ಎರಡೂ ಹೆಸರಿನವರು ಒಬ್ಬರಽ ಅಂತ ಬರದು ಕಳಸತೇವಿ" ಎಂದರು.

ಆಟೋದಲ್ಲಿ ಮನೆಗೆ ಮರಳುವಾಗ ನನಗೆ ಬೀಗುವಷ್ಟು ಸಂತೋಷ. ಅತ್ತೆ ಹೊರಗೆ ನೋಡುತ್ತಿದ್ದರು. ದಣಿದಿರಬೇಕು ಎಂದುಕೊಂಡೆ. ಆಮೇಲೆ ತಾವಾಗಿಯೇ ಹೇಳಿದರು.

"ಅನ್ನಪೂರ್ಣಾ ಅನ್ನೂದು ನಂದೂ ಹುಟ್ಟಿದ ಹೆಸರಲ್ಲ. ನಮ್ಮ ಅತ್ತಿ ಇಟ್ಟಿದ್ದು."

ನಾನು ಅವರತ್ತ ತಿರುಗಿದೆ. "ತವರ್ಮನಿ ಹೆಸರು ಏನಿತ್ತ್ರಿ ಅತ್ತಿ?"

"ಚಂಪಾ." ಹೇಳಿ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಸೆರಗು ಬಾಯಿಗೆ ಅಡ್ಡ ಹಿಡಿದರು. "ಹದಿನೈದು ವರ್ಷದಾಕಿ ಇದ್ದೆ. ಆಮ್ಯಾಲೆ ಯಾರೂ ಕರದಿಲ್ಲ."

ಐದು ತಿಂಗಳ ನಂತರ ಜರ್ಮನಿಯಿಂದ ಪತ್ರ ಬಂತು. ಅದರಲ್ಲಿ ನನ್ನ ಎರಡೂ ಹೆಸರುಗಳಿದ್ದವು, ಪಿಂಚಣಿ ಮಂಜೂರಾಗಿತ್ತು. ಹೊರಗೆ ದುಡಿದು ಬಂದ ಯಾರೇ ಸಿಗಲಿ, ಹಳೆಯ ಪಿ.ಎಫ್. ಚೀಟಿ ಬಿಸಾಡಬೇಡಿ, ಕೇಳದೆ ಬಿಡಬೇಡಿ ಎಂದು ಈಗ ನಾನೇ ಗಂಟು ಬಿದ್ದು ಹೇಳುತ್ತೇನೆ. ನನ್ನ ದುಡಿಮೆ ನನ್ನದೇ ಎಂದು ನಿಂತು ಕೇಳಿದ್ದಕ್ಕೆ ನನಗೆ ಹೆಮ್ಮೆಯಿದೆ.

ಆದರೆ ಆ ದಿನ ನೆನಪಾದರೆ ಮೊದಲು ಕಣ್ಣಿಗೆ ಬರುವುದು ಆಟೋದಲ್ಲಿ ಸೆರಗು ಅಡ್ಡ ಹಿಡಿದ ಆ ಮುಖ. ನನ್ನ ತವರಿನ ಹೆಸರು ಕೇಳಲು ಎರಡು ದೇಶಗಳ ಸರ್ಕಾರಗಳಿದ್ದವು. ಅತ್ತೆಯ ಹೆಸರು ಕೇಳಿದವಳು ನಾನೊಬ್ಬಳೇ, ಅದೂ ನಲವತ್ತು ವರ್ಷ ಒಂದೇ ಒಲೆಯ ಮೇಲೆ ಅಡುಗೆ ಮಾಡಿದ ಮೇಲೆ.