ಹಲ್ಲು ನೋಡಿ ಕೊಂಡ ಹಳೇ ವಾಚು

ನನ್ನ ಮೊಮ್ಮಗಳು ನರ್ಸ್ ಆಗುತ್ತಿದ್ದಾಳೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಓಡುವುದಿಲ್ಲ. ಗೋಕಾಕದಲ್ಲಿ ಓದುತ್ತಾಳೆ, ಬಿಳಿ ಬಟ್ಟೆ ಹಾಕುತ್ತಾಳೆ. ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟವನ ಮೊಮ್ಮಗಳು! ಮೂಡಲಗಿ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಕೆಲವರು ಈಗ ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ.

ಒಂದು ದಿನ ಅವಳ ಫೋನು ಬಂತು.

"ಅಜ್ಜಾ, ಬರೋ ಸೋಮವಾರದಿಂದ ನಮ್ಮನ್ನ ವಾರ್ಡಿಗೆ ಹಾಕ್ತಾರ. ರೋಗಿಗಳ ನಾಡಿ ಎಣಸಬೇಕು. ಮೊಬೈಲ್ ಒಳಗ ಬಿಡಂಗಿಲ್ಲ. ಸೆಕೆಂಡಿನ ಮುಳ್ಳು ಇರೋ ವಾಚ್ ಕಟಗೊಂಡ ಬರ್ರಿ, ಇಲ್ಲಂದ್ರ ಹೊರಗ ನಿಂದರ್ರಿ ಅಂತ ಸಿಸ್ಟರ್ ಹೇಳ್ಯಾರ. ಅಪ್ಪಗ ಹೇಳು, ಸಾದಾ ವಾಚ್ ಸಾಕು."

ನಾನಿರುವಾಗ ಅಪ್ಪನಿಗೇಕೆ ಹೇಳಬೇಕು? ಅದೂ ಸಾದಾ ವಾಚೇಕೆ? ನಾಲ್ಕು ವರ್ಷ ಶಾಲೆಗೆ ಹೋಗಿ ನಾನು ಕಲಿತದ್ದು ಬಹಳವಿಲ್ಲ. ಮಾಸ್ತರರ ಕೈಯಲ್ಲಿದ್ದ ಚಾವಿ ಕೊಡುವ ವಾಚನ್ನು ಮಾತ್ರ ಚೆನ್ನಾಗಿ ನೋಡಿದ್ದೆ. ಕಪಾಳಕ್ಕೆ ಬರುವಾಗ ಅದು ಬಹಳ ಹತ್ತಿರ ಬರುತ್ತಿತ್ತು. ಅಂಥದ್ದೇ ಒಂದು ಹಳೇ ವಾಚು ನನ್ನ ಮೊಮ್ಮಗಳ ಕೈಯಲ್ಲಿರಬೇಕು ಎಂದು ಹಟ ಹುಟ್ಟಿತು. ಹುಕ್ಕೇರಿಯಲ್ಲಿ ಹಳೇ ವಾಚು ರಿಪೇರಿ ಮಾಡಿ ಮಾರುವವರೊಬ್ಬರು ಇದ್ದಾರೆಂದು ಕೇಳಿದ್ದೆ. ಹೊರಟೆ.

"ವಾಚಿನ್ಯಾಗ ನಿಮಗೇನ್ ತಿಳೀತೈತ್ರಿ?" ಎಂದಳು ಹೆಂಡತಿ.

"ಐವತ್ತು ವರ್ಷ ಎತ್ತು ಆರಿಸೇನಿ. ನಾಲ್ಕು ಕಾಲಿಂದು ತಿಳಿದಾವಗ ಮೂರು ಮುಳ್ಳಿಂದು ತಿಳ್ಯಾಂಗಿಲ್ಲೇನು?"

"ಹೌದ ಹೌದು. ಬರುವಾಗ ಅದಕ್ಕಷ್ಟು ಮೇವೂ ತಗೊಂಡ ಬರ್ರಿ."

ಅಂಗಡಿಯವರು ನನ್ನಷ್ಟೇ ವಯಸ್ಸಿನವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದರು. ಐದಾರು ಹಳೇ ವಾಚುಗಳನ್ನು ಮುಂದಿಟ್ಟರು. ಉಳಿದವೆಲ್ಲ ಮಾಸಿದ್ದವು, ಒಂದು ಮಾತ್ರ ಮದುಮಗನಂತೆ ಹೊಳೆಯುತ್ತಿತ್ತು. ಅದನ್ನೆತ್ತಿ ಅಂಗೈಯಲ್ಲಿ ತೂಗಿದೆ, ತಿರುಗಿಸಿ ನೋಡಿದೆ, ಬಲ್ಲವನಂತೆ "ಹೂಂ" ಎಂದೆ.

"ಇದನ್ನ ಕೊಡ್ರಿ."

"ಯಜಮಾನರ, ನಿಮ್ಮ ಕೆಲಸ ಏನ್ರಿ?"

"ಒಕ್ಕಲತನ. ಎತ್ತು ಕೊಳ್ಳಾವ್ರು ನನ್ನ ಕೇಳಿ ಕೊಳ್ತಾರ."

"ಹಂಗಾದ್ರ ಹೇಳ್ರಿ. ಮುದಿ ಎತ್ತಿನ ಕೋಡು ಹೆರದು, ಎಣ್ಣಿ ತಿಕ್ಕಿ ಸಂತಿಗೆ ಹೊಡಕೊಂಡ ಬಂದ್ರ ತಗೋತೀರೇನು?"

"ಥೂ! ಮೊದಲ ಬಾಯಿ ತಗಸ್ತೇನಿ, ಹಲ್ಲು ನೋಡ್ತೇನಿ."

"ಇದರ ಬಾಯಿ ತಗಸಲಿಲ್ಲಲ್ರಿ ಮತ್ತ?"

ನನ್ನ ಐವತ್ತು ವರ್ಷ ಅಲ್ಲೇ ಕುಸಿಯಿತು. ಅವರು ನಗುತ್ತ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಕೊಟ್ಟರು. ಹೊಳೆಯುವ ವಾಚಿನ ಮುಖಕ್ಕೆ ಹೊಸ ಬಣ್ಣ ಬಳಿದಿದ್ದರು. ಅಂಕಿಗಳು ದಪ್ಪಗೆ ಹರಡಿದ್ದವು, ನಿಮಿಷದ ಗೀಟುಗಳು ನನ್ನ ಅಕ್ಷರದಂತೆ ವಾರೆಯಾಗಿದ್ದವು. ಅಂಚುಗಳನ್ನು ಉಜ್ಜಿ ಉಜ್ಜಿ ಮೂಲೆಗಳೇ ಕರಗಿದ್ದವು. ಹಿಂದಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಹಲ್ಲಿನ ಗಾಲಿಗಳು, ಒಂದರ ಮೇಲೆ ತುಕ್ಕು. ಮೂರು ವಾಚುಗಳ ಸಾಮಾನು ಕೂಡಿಸಿ ಒಂದು ಮಾಡಿದ್ದಂತೆ. "ನೋಡಾಕ ಚಲೋ ಕಾಣಲಿ ಅಂತ ಇಟ್ಟೇನ್ರಿ. ಕೇಳಿದವರಿಗೆ ಖರೆ ಹೇಳ್ತೇನಿ, ಕೇಳದವರು ಒಯ್ತಾರ" ಎಂದರು.

ಆಮೇಲೆ ಒಂದು ಮಾಸಿದ ವಾಚನ್ನು ಎತ್ತಿಕೊಟ್ಟರು. ಮುಖ ಹಳದಿಯಾಗಿತ್ತು, ಆದರೆ ಅಂಕಿಗಳು ಸೂಜಿಯಲ್ಲಿ ಬರೆದಷ್ಟು ಸಣ್ಣಗೆ, ನೆಟ್ಟಗೆ. ಚಾವಿ ಕೊಟ್ಟರೆ ಮೆತ್ತಗೆ ತಿರುಗುತ್ತಿತ್ತು, ಎಲ್ಲೂ ಜಾರುತ್ತಿರಲಿಲ್ಲ. ಒಳಗೆ ತುಕ್ಕಿಲ್ಲ. ಮಲಗಿಸಿ, ನಿಲ್ಲಿಸಿ, ಬೋರಲು ಹಾಕಿ ಮೂರು ಥರ ಕಿವಿಗೆ ಹಿಡಿಸಿದರು. ಮೂರರಲ್ಲೂ ಒಂದೇ ನಡಿಗೆ. "ಕುಂಟು ಎತ್ತು ನಿಂತಾಗ ಚಲೋ ಕಾಣತೈತ್ರಿ, ನಡಸಿ ನೋಡಬೇಕು" ಎಂದು ನನ್ನ ಪಾಠವನ್ನು ನನಗೇ ಹೇಳಿದರು.

ದರ ಮಾತಾಡುವಾಗ ನಾನು ರೂಢಿಯಂತೆ ಹೆಗಲ ಟವೆಲನ್ನು ಅವರ ಕೈಮೇಲೆ ಹೊದಿಸಿ, ಅದರಡಿ ಬೆರಳು ಹಿಡಿದೆ. ದನದ ಪೇಟೆಯಲ್ಲಿ ನಮ್ಮ ದರದ ಮಾತು ನಡೆಯುವುದೇ ಹಾಗೆ, ಬೆರಳಿನ ಲೆಕ್ಕದಲ್ಲಿ. ಅವರು ಬೆಚ್ಚಿ ಕೈ ಎಳೆದುಕೊಂಡರು.

"ಏನ್ರೀ ಇದು! ಬಾಯಿ ಇಲ್ಲೇನ್ರಿ ನಿಮಗ?"

ಬಾಯಲ್ಲೇ ವ್ಯವಹಾರ ಮುಗಿಯಿತು. ಬೆರಳಲ್ಲಿ ನಾನು ಹುಲಿ, ಬಾಯಲ್ಲಿ ಕುರಿ. ಅವರು ಹೇಳಿದಷ್ಟೇ ಕೊಟ್ಟು ಬಂದೆ.

"ದಿನಾ ಮುಂಜಾನೆ ಚಾವಿ ಕೊಡ್ರಿ, ಬಿಗಿ ಆದ ಕೂಡಲೆ ಬಿಡ್ರಿ. ನೀರು ತಾಗಸಬ್ಯಾಡ್ರಿ. ಹಿಂದಿನ ಮುಚ್ಚಳಾ ಮುಟ್ಟಬ್ಯಾಡ್ರಿ" ಎಂದು ಕಳಿಸಿದರು. ಮೊದಲಿನ ಎರಡು ಮಾತು ನನಗೆ ಚೆನ್ನಾಗಿ ನೆನಪಿದ್ದವು.

ಎರಡು ದಿನ ವಾಚು ಮೊಬೈಲಿನ ಜೊತೆ ಹೆಜ್ಜೆಗೆ ಹೆಜ್ಜೆ ನಡೆಯಿತು. ಆದರೆ ಅದರ ಟಿಕ್ ಟಿಕ್ ನನ್ನನ್ನು ಕೂರಲು ಬಿಡಲಿಲ್ಲ. ಸಪ್ಪಳ ಮಾಡುವ ಗಾಲಿಗೆ ಕೀಲೆಣ್ಣೆ ಹಾಕದೆ ಬಂಡಿ ಹೂಡಿದವನನ್ನು ನಮ್ಮೂರು ಒಕ್ಕಲಿಗ ಎನ್ನುವುದಿಲ್ಲ. ಮೊಮ್ಮಗಳಿಗೆ ಒಣ ಗಾಲಿ ಕೊಡಲೇ? ಹಾಗೆಂದು ಬಂಡಿಯ ಕೀಲೆಣ್ಣೆ ಹಾಕುವಷ್ಟು ದಡ್ಡನೂ ನಾನಲ್ಲ. ಚಾಕುವಿನ ತುದಿಯಿಂದ ಮುಚ್ಚಳ ಎಬ್ಬಿಸಿ, ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ. ಎರಡೇ ಹನಿ. ಸಪ್ಪಳ ಮೆತ್ತಗಾಯಿತು, ಇನ್ನು ಮೊಬೈಲಿನ ಜೊತೆ ತಾಳೆ ನೋಡುವುದೇಕೆ ಎಂದು ಬಿಟ್ಟೆ. ಆ ದಿನ ಎರಡು ರೊಟ್ಟಿ ಹೆಚ್ಚು ಉಂಡೆ.

ಶನಿವಾರ ಸಂಜೆ ಮೊಮ್ಮಗಳು ಬಂದಳು. ವಾಚು ಕಟ್ಟಿಕೊಂಡು ಕುಣಿದಳು. "ಅಜ್ಜಾ, ಮೊದಲ ನಿನ್ನ ನಾಡಿ ನೋಡ್ತೇನಿ, ಕೈ ಕೊಡು" ಎಂದು ಮಣಿಕಟ್ಟು ಹಿಡಿದು ಎಣಿಸಿದಳು. ಮುಖ ಸಣ್ಣದಾಯಿತು. ಮತ್ತೆ ಎಣಿಸಿದಳು.

"ಎಷ್ಟವ್ವಾ?"

"ನಲವತ್ತೆಂಟು. ಅರವತ್ತಕ್ಕಿಂತ ಕಡಿಮಿ ಇರಬಾರದಜ್ಜಾ. ತಲಿ ತಿರಗತೈತೇನು?"

ಅಲ್ಲಿಯವರೆಗೆ ತಿರುಗಿರಲಿಲ್ಲ, ಕೇಳಿದ ಕೂಡಲೆ ತಿರುಗಿತು. ಎಡಗಾಲು ತಣ್ಣಗಾಯಿತು. ಹೆಂಡತಿ ವಿಭೂತಿ ತಂದು ಹಣೆಗೆ ಬಳಿದಳು. ನಾನು ಹಾಸಿಗೆಯ ಮೇಲೆ ಕಾಲು ಚಾಚಿ, ಮನೆಯವರಿಗೆ ಹೇಳಬೇಕಾದ ಕೊನೆಯ ಮಾತನ್ನು ಜೋಡಿಸತೊಡಗಿದೆ. ಒಂದೂ ಚಲೋ ಮಾತು ಹೊಳೆಯಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ತನ್ನ ಆಯಿಯ, ಅಂದರೆ ನನ್ನ ಹೆಂಡತಿಯ, ಕೈಯನ್ನೂ ಹಿಡಿದಿದ್ದಳು.

"ಆಯೀ, ನಿನ್ನದು ಐವತ್ತು."

"ಅಯ್ಯ ಶಿವನ! ಇವರ ಬೆನ್ನ ಹಿಂದ ನಾನೂ ಹೊಂಟ್ನೇನು? ಅಲ್ಲೂ ಇವರಿಗೆ ಚಹಾ ಮಾಡಬೇಕಾ?"

ಕೊನೆಗೆ ಹುಡುಗಿ ತನ್ನ ನಾಡಿಯನ್ನೇ ಎಣಿಸಿಕೊಂಡಳು. ಐವತ್ತೊಂದು. ಮೊಬೈಲ್ ತೆಗೆದು ವಾಚಿನ ಬಾಜೂ ಇಟ್ಟಳು. ಮೊಬೈಲಿನಲ್ಲಿ ನಲವತ್ತು ಸೆಕೆಂಡು ಆಗುವಷ್ಟರಲ್ಲಿ ವಾಚಿನ ಮುಳ್ಳು ಒಂದು ಸುತ್ತು ಮುಗಿಸಿತ್ತು.

"ಮೂರೂ ಮಂದಿ ಒಮ್ಮೆಲೇ ಸಾಯಂಗಿಲ್ಲ ಆಯೀ. ವಾಚಿಗೇ ಜ್ವರ ಬಂದೈತಿ. ಅಜ್ಜಾ, ಖರೆ ಹೇಳು, ಇದಕ್ಕ ಏನ್ ಮಾಡೀ?"

"ಎರಡ ಹನಿ..." ಎಂದೆ.

ಅವಳು ಬೈಯಲಿಲ್ಲ. "ಇದನ್ನ ಕಟಗೊಂಡ ಹೋಗಿದ್ರ ಯಾರದರ ನಾಡಿ ತಪ್ಪು ಬರೀತಿದ್ನಿ ಅಜ್ಜಾ" ಎಂದಳು, ಅಷ್ಟೇ. ಅಂಥ ಮಾತು ಕೇಳಿದ ಮೇಲೆ ಬೈಸಿಕೊಳ್ಳುವುದೇ ಸುಖವೆನಿಸಿತು.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹುಕ್ಕೇರಿಗೆ ಹೋದೆವು. ಅಂಗಡಿಯವರು ಮುಚ್ಚಳ ತೆಗೆದು, ಮೂಸಿ, ನನ್ನನ್ನು ನೋಡಿದರು.

"ಯಜಮಾನರ, ಮುಚ್ಚಳಾ ಮುಟ್ಟಬ್ಯಾಡ್ರಿ ಅಂದಿದ್ನಿಲ್ಲೋ?"

ಒಳಗೆ ಕೂದಲೆಳೆಯಂಥ ಸುರುಳಿಯೊಂದಿದೆಯಂತೆ, ವಾಚಿನ ಉಸಿರೇ ಅದು. ಎಣ್ಣೆ ತಾಗಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ವಾಚು ಹುಚ್ಚು ಹಿಡಿದಂತೆ ಓಡುತ್ತದಂತೆ. ಅವರು ಎಲ್ಲ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೊಮ್ಮಗಳು ಪಕ್ಕದಲ್ಲೇ ಕುಳಿತು ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ನನ್ನ ಕೈಗಳನ್ನು ನಾನೇ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ. ಕೊನೆಗೆ ಮೊಬೈಲಿನ ಮುಂದೆ ಹಿಡಿದು ಹತ್ತು ನಿಮಿಷ ನೋಡಿದೆವು. ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ.

ಸೋಮವಾರ ಸಂಕಟ ತಡೆಯದೆ, ಬೀಜ ಕೇಳುವ ನೆವ ಹೇಳಿ ಗೋಕಾಕಕ್ಕೆ ಹೋದೆ. ಆಸ್ಪತ್ರೆಯ ಗೇಟಿನ ಮುಂದೆ ಬಿಸಿಲಲ್ಲಿ ನಿಂತೆ. ಕಾವಲುಗಾರ ಎರಡು ಸಲ "ಯಾರ ಪೇಶಂಟ್ರಿ?" ಎಂದು ಕೇಳಿದ. ಊಟದ ಹೊತ್ತಿಗೆ ಅವಳು ಓಡುತ್ತ ಬಂದಳು.

"ಅಜ್ಜಾ! ಒಬ್ಬ ಮುದುಕಿ ನಾಡಿ ಹಿಡದ್ನಿ. ಎಂಬತ್ನಾಕು. ಸಿಸ್ಟರ್ ತಾವೂ ಎಣಸಿ ನೋಡಿದ್ರು. ಎಂಬತ್ನಾಕೇ! ಪುಸ್ತಕದಾಗ ನನ್ನ ಕೈಲೇ ಬರಸಿದ್ರು."

ಬಸ್ಸು ಹತ್ತಿದ್ದು ಹೇಗೋ ನೆನಪಿಲ್ಲ.

"ಎಲ್ಲಿಗ್ರಿ ಅಜ್ಜಾರ?" ಎಂದ ಕಂಡಕ್ಟರ್.

"ಎಂಬತ್ನಾಕು" ಎಂದೆ.

ಅವನು ಟಿಕೆಟ್ ಮಷೀನು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದ. ನಾನು ಕಂಬ ಹಿಡಿದು ನಿಂತು, ಮೊದಲಿನಿಂದ ಹೇಳಲು ಶುರುಮಾಡಿದೆ.

"ಕುಂಡರ್ರಿ ಅಜ್ಜಾರ, ಕುಂತ ಹೇಳ್ರಿ" ಎಂದ.

ಕುಳಿತು ಹೇಳಿದೆ.