ಹಳೆಯ ಡಿಸ್ಕ್ ಕೊಟ್ಟವರು

ಕಳೆದ ವಾರ ಮೆಲ್ಕಾರಿನ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಉಜ್ಜಿದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ಮೈಯೆಲ್ಲ ಉರಿದುಹೋಯಿತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಅಂಗಡಿ ಇತ್ತು. ಅದರ ಯಜಮಾನರು ಇದೇ ವಾಸನೆಯ ಹತ್ತಿಯಿಂದ ಟೇಪ್‌ರೆಕಾರ್ಡರಿನ ಹೆಡ್ ಒರೆಸುತ್ತಿದ್ದರು. ‘ಯಜಮಾನರು’ ಎಂದು ಬಹುವಚನದಲ್ಲಿ ಬರೆಯುತ್ತಿರುವುದು ಕೈಯ ಅಭ್ಯಾಸ. ಮನಸ್ಸಿನೊಳಗೆ ಅವರನ್ನು ಏಕವಚನದಲ್ಲಿ ಬೈದಷ್ಟು ನಾನು ಬೇರೆ ಯಾರನ್ನೂ ಬೈದಿಲ್ಲ...

ಆಗ ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ದಿನವೂ ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಹೋಗಿ ಬರುವುದು. ಮೆಲ್ಕಾರಿನ ಮನೆಯಲ್ಲಿ ಇದ್ದವರು ನನ್ನ ತಾಯಿ, ಅಂದರೆ ಉಮ್ಮ, ಮತ್ತು ನಾನು, ಇಬ್ಬರೇ. ತಂದೆ, ನಮ್ಮ ಬಾಪ, ಗಲ್ಫಿನಲ್ಲಿ ತೀರಿಕೊಂಡು ಹತ್ತು ವರ್ಷ ಆಗುತ್ತ ಬಂದಿತ್ತು.

ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಬಾಪ ಕಾಗದ ಬರೆಯದೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದೇ ರೂಢಿ. ನಾವು ನಾಲ್ಕೈದು ಸಲ ಕೇಳಿದ ಮೇಲೆ ಉಮ್ಮ ಅದರ ಮೇಲೆಯೇ ತನ್ನ ಉತ್ತರ ಮಾತಾಡಿ ತಿರುಗಿ ಕಳಿಸುತ್ತಿದ್ದಳು. ಒಂದೇ ಕ್ಯಾಸೆಟ್ ವರ್ಷಗಟ್ಟಲೆ ಸಮುದ್ರ ದಾಟಿ ಹೋಗಿ ಬಂದು ಮಾಡುತ್ತಿತ್ತು. ಹೊಸ ಮಾತು ಬಂದಾಗ ಹಳೆಯದು ಅಳಿಸಿಹೋಗುತ್ತಿತ್ತು. ಮುಂದಿನದು ಬರುತ್ತದಲ್ಲ ಎಂಬ ಧೈರ್ಯ ಎಲ್ಲರಿಗೂ. ಕೊನೆಯ ಕ್ಯಾಸೆಟ್ಟಿಗೆ ಉಮ್ಮ ಉತ್ತರ ಹೇಳುವ ಮೊದಲೇ ಬಾಪ ಇಲ್ಲ ಎಂಬ ಸುದ್ದಿ ಬಂತು. ಹಾಗೆ ಅಳಿಯದೆ ಉಳಿದದ್ದು ಅದೊಂದೇ.

ಅದರ ಮೊದಲ ಬದಿಯ ಮಾತು ನನಗೆ. ಚೆನ್ನಾಗಿ ಓದು, ಹೊಳೆಯ ಬದಿಗೆ ಹೋಗಬೇಡ, ಉಮ್ಮನಿಗೆ ಎದುರು ಮಾತಾಡಬೇಡ... ಇಂದಿಗೂ ನನಗೆ ಬಾಯಿಪಾಠ. ಎರಡನೇ ಬದಿ ಉಮ್ಮನಿಗೆ. ಅದನ್ನು ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಿದ್ದಳು. ನಾನು ಒಂದು ದಿನವೂ ಬಾಗಿಲಿಗೆ ಕಿವಿ ಕೊಟ್ಟವಳಲ್ಲ.

ನಮ್ಮೂರಿನ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯಿತು. ಇನ್ನು ತಡಮಾಡಿದರೆ ಬಾಪನ ಸ್ವರ ಸಿಗುವುದಿಲ್ಲ ಎಂದು ಅದನ್ನು ಕಂಪ್ಯೂಟರಿಗೆ ಇಳಿಸಲು ಹೊರಟೆ. ಉಮ್ಮನಿಗೆ ಕಂಪ್ಯೂಟರ್ ಮುಟ್ಟಲು ಹೆದರಿಕೆ. ಅವಳಿಗಾಗಿಯೇ ಒಂದು ಪುಟ್ಟ ಸರ್ವರ್ ಕಟ್ಟಿದೆ. ಫ್ಯಾನೂ ಇಲ್ಲದ ಸಣ್ಣ ಬೋರ್ಡು, ಸಣ್ಣ ಬಲ್ಬಿನಷ್ಟೇ ಕರೆಂಟು ತಿನ್ನುವಂಥದ್ದು. ಕರೆಂಟು ಹೋದರೂ ಇನ್ವರ್ಟರಿನ ಮೇಲೆ ಹಗಲಿರುಳು ಎಚ್ಚರವಾಗಿರಬೇಕು. ಅದನ್ನಿಟ್ಟ ಪೆಟ್ಟಿಗೆಯ ಹೊರಗೆ ಎರಡು ಗುಂಡಿ. ಒಂದನ್ನು ಒತ್ತಿದರೆ ಮೊದಲ ಬದಿ, ಇನ್ನೊಂದಕ್ಕೆ ಎರಡನೇ ಬದಿ.

ಉಳಿದದ್ದು ಬೂಟ್ ಡ್ರೈವ್ ಒಂದೇ, ಅಂದರೆ ಕರೆಂಟು ಕೊಟ್ಟಾಗ ಆ ಪೆಟ್ಟಿಗೆ ಯಾವುದರಿಂದ ಏಳಬೇಕು ಎಂಬುದು. ನನ್ನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಏಳುವುದಕ್ಕೆ ಕ್ಯಾಮೆರಾಗಳಲ್ಲಿ ಹಾಕುವ ಮೆಮೊರಿ ಕಾರ್ಡ್. ಸ್ವರಕ್ಕೆ ಮಾತ್ರ ಹಾರ್ಡ್ ಡಿಸ್ಕ್. ಉಮ್ಮ ಗುಂಡಿ ಒತ್ತಿದಾಗ ಮಾತ್ರ ಡಿಸ್ಕ್ ತಿರುಗಿದರೆ ಸಾಕು, ಉಳಿದ ಹೊತ್ತು ಮಲಗಿರಲಿ. ಅಂಗಡಿಯವರು ಕೇಳಿ ನಕ್ಕುಬಿಟ್ಟರು.

“ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರ್ ಏಳಿಸ್ತೀರಾ ಟೀಚರ್? ಬರೆದು ಅಳಿಸಿ, ಬರೆದು ಅಳಿಸಿ ಅದು ಬೇಗ ಸವೆದು ಹೋಗ್ತದೆ ಮಾರಾಯ್ರೆ. ನನ್ನತ್ರ ಒಳ್ಳೆ ಹೊಸ ಡಿಸ್ಕ್ ಉಂಟು, ಅದನ್ನೇ ಹಾಕುವ. ಬೂಟಿಗೂ ಅದೇ, ಬಾಪನ ಸ್ವರಕ್ಕೂ ಅದೇ. ಎಂತಕ್ಕೆ ಎರಡೆರಡು?”

ಕಾರ್ಡ್ ಸವೆಯುವುದು ಸುಳ್ಳಲ್ಲ. ಆದರೆ ಅದರ ಮೇಲೆ ಏನೂ ಬರೆಯದಂತೆ ಮಾಡಲು ನನಗೆ ಬರುತ್ತಿತ್ತು. ಆದರೂ ಒಪ್ಪಿ ತಲೆಯಾಡಿಸಿದೆ. ಇಪ್ಪತ್ತು ವರ್ಷ ರೇಡಿಯೋ, ಟೇಪ್ ಬಿಚ್ಚಿದ ಕೈ ಅವರದ್ದು. ಪುಸ್ತಕ ಓದಿ ಕಲಿತವಳಿಗೆ ಅಂಥ ಕೈಯ ಮುಂದೆ ಒಂದು ಅಳುಕು ಇರುತ್ತದೆ.

ಕ್ಯಾಸೆಟ್ ನೋಡಿ, “ಒಂದು ಸಲ ಓಡ್ತದೆ. ಎರಡನೇ ಸಲಕ್ಕೆ ನಾನು ಗ್ಯಾರಂಟಿ ಅಲ್ಲ,” ಎಂದರು. ನನಗೆ ಕ್ಲಾಸಿತ್ತು, ಬಿಟ್ಟು ಹೋದೆ. ಸಂಜೆ ಬಂದಾಗ ಎರಡೂ ಬದಿ ಡಿಸ್ಕಿನಲ್ಲಿತ್ತು. ಟೇಪು ತುಂಡುತುಂಡಾಗಿ ಒಂದು ಲಕೋಟೆಯಲ್ಲಿತ್ತು.

ಒಂದು ಸೀಡಿಯನ್ನಾದರೂ ಮಾಡಿಡುವ ಎಂದರೆ ಉಮ್ಮ ಒಪ್ಪಲಿಲ್ಲ. “ಸೀಡಿ ನಾಳೆ ಯಾರ ಕೈಗೆ ಹೋಗ್ತದೆ ಅಂತ ಯಾರಿಗೆ ಗೊತ್ತುಂಟು? ನಿನ್ನ ಬಾಪ ನನಗೆ ಹೇಳಿದ್ದು, ಊರಿಗೆ ಹೇಳಿದ್ದಲ್ಲ,” ಎಂದಳು. ಮಕ್ಕಳಿಗೆ ದಿನವೂ ಎರಡು ಪ್ರತಿ ಇಡಿ ಎಂದು ಪಾಠ ಮಾಡುವ ನಾನೇ ಒಂದೇ ಪ್ರತಿಗೆ ಒಪ್ಪಿಬಿಟ್ಟೆ. ಗಂಡ ಹೆಂಡತಿಯ ಮಾತಿಗೆ ಪ್ರತಿ ಮಾಡಲು ನನಗೂ ಸಂಕೋಚವಾಗಿತ್ತು.

ಎಂಟು ತಿಂಗಳು ಉಮ್ಮ ಸುಖವಾಗಿದ್ದಳು. ಸಂಜೆಯ ಅಸರ್ ನಮಾಜ್ ಮುಗಿಸಿ ಎರಡನೇ ಗುಂಡಿಗೆ ಕೈ ಹಾಕುತ್ತಿದ್ದಳು, ನಾನು ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಒಂದು ದಿನ ನಾನು ಮನೆಗೆ ಬರುವಾಗ ಪೆಟ್ಟಿಗೆಯೊಳಗೆ ಟಕ್ ಟಕ್ ಎಂಬ ಸದ್ದು. ಉಮ್ಮ ಬಾಗಿಲಲ್ಲಿ ನಿಂತಿದ್ದಳು. “ಬಾಪ ಮಾತಾಡುವುದಿಲ್ಲ,” ಎಂದಳು, ಅಷ್ಟೇ.

ಡಿಸ್ಕ್ ಪೂರ್ತಿ ಸಾಯುವ ಮೊದಲು ಅದರೊಳಗಿನ ಲೆಕ್ಕ ಓದಿದೆ. ಎಷ್ಟು ಗಂಟೆ ಓಡಿದ್ದೇನೆಂದು ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಮನೆಗೆ ಬಂದ ಎಂಟು ತಿಂಗಳನ್ನು ಕಳೆದರೂ ಮೂರು ವರ್ಷಕ್ಕಾಗುವಷ್ಟು ಗಂಟೆ ಬಾಕಿ ಇತ್ತು. ಮೇಲಿನ ಚೀಟಿಯನ್ನು ಉಗುರಿನಲ್ಲಿ ಕೆರೆದರೆ ಕೆಳಗೆ ಇನ್ನೊಂದು ಚೀಟಿ, ಅದರಲ್ಲಿ ಮಾರ್ಕರಿನಲ್ಲಿ ಬರೆದ ಅಂಕಿ ‘ಏಳು’. ಅವರ ಅಂಗಡಿಯ ಮಹಡಿಯಲ್ಲಿದ್ದ ಬ್ರೌಸಿಂಗ್ ಸೆಂಟರಿನ ಏಳನೇ ಕಂಪ್ಯೂಟರಿನ ಡಿಸ್ಕ್ ಅದು. ಮಂಗಳೂರಿಗೆ ಒಯ್ದೆ, ಬೆಂಗಳೂರಿಗೆ ಕಳಿಸಿದೆ. ಬಾಪ ಮರಳಲಿಲ್ಲ.

ಅಂಗಡಿಯವರ ಮುಂದೆ ಡಿಸ್ಕ್ ಇಟ್ಟೆ. “ಹೊಸದೇ ಕೊಟ್ಟದ್ದು ಟೀಚರ್. ನಿಮ್ಮ ಮನೆಯ ಕರೆಂಟ್ ಸರಿ ಇಲ್ಲ,” ಎಂದರು, ನನ್ನ ಮುಖ ನೋಡದೆ. ಅವತ್ತು ಮೆಟ್ಟಿಲಿಳಿಯುವಾಗಲೇ ನಿಶ್ಚಯಿಸಿದೆ, ಈ ಅಂಗಡಿಗೆ ಬೀಗ ಬೀಳಬೇಕು.

ನಾನು ಗಲಾಟೆ ಮಾಡಲಿಲ್ಲ. ಪ್ರತಿ ವರ್ಷ ಹೊಸ ಬ್ಯಾಚಿನ ಮೊದಲ ಪ್ರಾಕ್ಟಿಕಲ್ಲಿನಲ್ಲಿ ಮಕ್ಕಳಿಗೆ ಡಿಸ್ಕಿನ ಗಂಟೆ ಓದುವುದನ್ನು ಕಲಿಸಿದೆ. ಸಿಲಬಸ್ಸಿನಲ್ಲಿ ಇರಲಿಲ್ಲ, ಆದರೂ ಕಲಿಸಿದೆ. ಯಾವ ಅಂಗಡಿಯ ಹೆಸರನ್ನೂ ಎತ್ತಲಿಲ್ಲ. ಕಲಬುರ್ಗಿಯಿಂದ, ಹಾಸನದಿಂದ ಬಂದ ಹಾಸ್ಟೆಲ್ ಮಕ್ಕಳಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಇದ್ದದ್ದು ಅದೊಂದೇ ಅಂಗಡಿ. ಅವರು ಹೋಗಿ, “ಗಂಟೆ ತೋರಿಸಿ ಸರ್,” ಎನ್ನತೊಡಗಿದರು, ಹಳೆಯದೆಂದು ಕಂಡ ಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟರು. ಎರಡು ವರ್ಷದಲ್ಲಿ ಬ್ರೌಸಿಂಗ್ ಸೆಂಟರ್ ಮುಚ್ಚಿತು, ಮೂರನೇ ವರ್ಷ ಅಂಗಡಿ. ಬೋರ್ಡ್ ಇಳಿಸುವ ದಿನ ನಾನು ಬಸ್ಸು ಬಿಟ್ಟು ಎದುರಿನ ಜ್ಯೂಸಿನಂಗಡಿಯಲ್ಲಿ ಕೂತು ನೋಡಿದೆ. ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಆ ಲಿಂಬೆ ಶರಬತ್ತಿನ ರುಚಿ ನನಗೆ ಇನ್ನೂ ನೆನಪಿದೆ.

ಅವರು ಮುಂಡಾಜೆಯ ಹತ್ತಿರ ಹೆಂಡತಿಯ ಊರಿಗೆ ಹೋಗಿ ಮಿಕ್ಸಿ ರಿಪೇರಿ ಮಾಡುತ್ತಿದ್ದಾರೆ ಎಂದು ಯಾರೋ ಹೇಳಿದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ಆಮೇಲೆ ಉಮ್ಮ ಹೋದಳು. ಕೊನೆಯವರೆಗೂ ಆ ಸತ್ತ ಪೆಟ್ಟಿಗೆಯ ಎರಡನೇ ಗುಂಡಿಯನ್ನು ದಿನಕ್ಕೊಮ್ಮೆ ಒತ್ತುತ್ತಿದ್ದಳು. ದಫನಕ್ಕೆ ಮಯ್ಯತ್ ಎತ್ತಿದ ಮೇಲೆ, ಜನರೆಲ್ಲ ಹೋದ ಮೇಲೆ, ನನಗೆ ಹೊಳೆಯಿತು. ಬಾಪ ಕೊನೆಯದಾಗಿ ಉಮ್ಮನಿಗೆ ಏನು ಹೇಳಿದರು ಎಂಬುದನ್ನು ಕೇಳಿದ ಕಿವಿ ಈ ಭೂಮಿಯ ಮೇಲೆ ಇನ್ನು ಒಬ್ಬರದ್ದೇ. ಆ ಅಂಗಡಿಯವರಿಗೆ ನಮ್ಮ ಮನೆಮಾತು ಬ್ಯಾರಿ ಭಾಷೆ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು.

ಅವರ ಬಳಿ ಹೋಗುವುದಿಲ್ಲ ಎಂದು ಎಂಟು ತಿಂಗಳು ಹಟ ಹಿಡಿದೆ. ಕೊನೆಗೆ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಮುಂಡಾಜೆಗೆ ಹೋದೆ. ರಸ್ತೆ ಬದಿಯ ಸಣ್ಣ ಕೋಣೆ, ಮೇಜಿನ ತುಂಬ ಮಿಕ್ಸಿ ಮೋಟಾರು. ಅವರು ಸೊರಗಿದ್ದರು, ಒಂದು ಕಾಲಿಗೆ ಬ್ಯಾಂಡೇಜಿತ್ತು. ಕೂಡಲೇ ಗುರುತು ಹಿಡಿದು ಸ್ಟೂಲ್ ಒರೆಸಿ ಕೊಟ್ಟರು. ನಾನು ಕೂರಲಿಲ್ಲ.

“ಆ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಎಂತ ಇತ್ತು?” ಎಂದು ಕೇಳಿದೆ.

ಅವರು ಮುಂದಿದ್ದ ಮೋಟಾರನ್ನು ಬದಿಗೆ ಸರಿಸಿದರು. “ನಾನು ಕೇಳ್ಲಿಲ್ಲ ಟೀಚರ್. ಶುರುವಿಗೇ ನಿಮ್ಮ ಬಾಪ ಉಮ್ಮನ ಹೆಸರು ಹಿಡಿದು ಕರೆದ್ರು. ಇದು ಮನೆಯ ಮಾತು ಅಂತ ಗೊತ್ತಾಯ್ತು. ಸ್ಪೀಕರಿನ ವಯರ್ ತೆಗೆದುಬಿಟ್ಟೆ. ಕಂಪ್ಯೂಟರ್ ಪರದೆಯಲ್ಲಿ ಸ್ವರದ ಹಸಿರು ಗೆರೆ ಏರುವುದು ಇಳಿಯುವುದು ಮಾತ್ರ ನೋಡ್ತಾ ಕೂತಿದ್ದೆ.”

“ಒಂದು ಮಾತೂ ಇಲ್ವಾ?”

“ಇಲ್ಲ.” ಮತ್ತೆ ಏನೋ ನೆನಪಾದವರಂತೆ ಹೇಳಿದರು, “ನಡುವೆ ಒಂದು ಕಡೆ ಗೆರೆ ಏಳ್ಲೇ ಇಲ್ಲ. ಮುಗೀತು ಅಂತ ನಿಲ್ಲಿಸ್ಲಿಕ್ಕೆ ಕೈ ಹಾಕಿದೆ. ಟೇಪ್ ತಿರುಗ್ತಾ ಇತ್ತು, ಹಾಗೆ ಬಿಟ್ಟೆ. ತುಂಬ ಹೊತ್ತಾದ ಮೇಲೆ ಮತ್ತೆ ಎದ್ದಿತು.”

ನಾನು ಹೊರಡುವಾಗ ಹಿಂದಿನಿಂದ, “ಡಿಸ್ಕ್ ಹಳೆಯದ್ದೇ. ಗೊತ್ತಿದ್ದೇ ಕೊಟ್ಟದ್ದು,” ಎಂದರು. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತು ಅತ್ತೆ.

ಕಳೆದ ಮಳೆಗಾಲದಲ್ಲಿ ಅವರೂ ತೀರಿಹೋದರಂತೆ. ಸುದ್ದಿ ಕೇಳಿ ನನಗೆ ದುಃಖವಾಗಲಿಲ್ಲ, ಸಿಟ್ಟೇ ಬಂತು. ಡಿಸ್ಕಿನಲ್ಲಿ ಮೋಸ ಮಾಡಿದ ಮನುಷ್ಯ ಆ ಅರ್ಧ ಗಂಟೆಯೂ ಮೋಸ ಮಾಡಿ ಕದ್ದು ಕೇಳಿದ್ದರೆ ಬಾಪನ ನಾಲ್ಕು ಮಾತು ಇವತ್ತು ನನ್ನ ಹತ್ತಿರ ಇರುತ್ತಿದ್ದವು. ಅಲ್ಲಿ ಮಾತ್ರ ಅವರಿಗೆ ಮರ್ಯಾದೆ ನೆನಪಾಯಿತು. ಬಾಪ ಏನೋ ಹೇಳಿ ತುಂಬ ಹೊತ್ತು ಸುಮ್ಮನಾದರು, ಆಮೇಲೆ ಮತ್ತೆ ಮಾತಾಡಿದರು... ಎರಡನೇ ಬದಿಯಲ್ಲಿ ನನಗೆ ಸಿಕ್ಕಿದ್ದು ಇಷ್ಟು. ಏನು ಹೇಳಿ ಸುಮ್ಮನಾದರು ಎಂದು ಕೇಳಲು ಇನ್ನು ಯಾರೂ ಉಳಿದಿಲ್ಲ.